ಮುಶೈರಿಬ್‌ನಿಂದ ಜುಬಾರಾಕ್ಕೆ: ಒಂದು ದಿನದ ಪ್ರವಾಸ

“ದೇಶ ಸುತ್ತಿ ನೋಡು, ಕೋಶ ಓದಿ ನೋಡು” ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಕತಾರಿಗೆ ಬಂದ ನಾವು ಹೆಚ್ಚಾಗಿ ಸುತ್ತುವುದು ಮಾಲ್‌ಗಳನ್ನು. ರಜೆ ಸಿಕ್ಕರೆ ಊರಿನ ವಿಮಾನ! “ಈ ಮರಳುಗಾಡಿನಲ್ಲಿ ನೋಡುವಂಥದ್ದು ಏನಿದೆ?” ಎಂದು ಕೇಳುವವರಿಗಾಗಿ, ಕಳೆದ ಚಳಿಗಾಲದ ಒಂದು ಶುಕ್ರವಾರ ನಾವು ಎರಡು ಕುಟುಂಬದವರು ಮಾಡಿಬಂದ ಪ್ರವಾಸದ ವಿವರ ಇಲ್ಲಿದೆ.

ನಮ್ಮ ವಾಸ ಮುಶೈರಿಬ್‌ನಲ್ಲಿ. ‘ನೀರು ಕುಡಿಯುವ ಜಾಗ’ ಎಂದು ಆ ಹೆಸರಿನ ಅರ್ಥ. ಈಗ ಎತ್ತರದ ಕಟ್ಟಡಗಳಿರುವ ಈ ಬಡಾವಣೆಯಲ್ಲಿ ಹಿಂದೆ ಸಿಹಿನೀರಿನ ಬಾವಿ ಇತ್ತು. ಈ ನಾಡಿನಲ್ಲಿ ಯಾವ ಊರಿನ ಕಥೆಯಾದರೂ ಶುರುವಾಗುವುದು ಬಾವಿಯಿಂದಲೇ ಎಂಬುದು ಆ ದಿನ ಸಂಜೆಯ ಹೊತ್ತಿಗೆ ಚೆನ್ನಾಗಿ ಅರ್ಥವಾಯಿತು.

ಚಿತ್ರಾನ್ನ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಬೆಳಿಗ್ಗೆ ಏಳಕ್ಕೆ ಹೊರಟೆವು. ಜುಬಾರಾ ದೋಹಾದಿಂದ ಸುಮಾರು 105 ಕಿ.ಮೀ. ಅಲ್ ಶಮಾಲ್ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದಂತೆ ಕಟ್ಟಡಗಳು ಮುಗಿದು ಒಂಟೆ, ಕುರಿಗಳ ದೊಡ್ಡಿಗಳು ಕಾಣತೊಡಗುತ್ತವೆ. ಅರಬ್ಬರು ಇವನ್ನು ‘ಇಜ್ಬಾ’ ಎನ್ನುತ್ತಾರೆ. ನೋಡಿಕೊಳ್ಳುವವರಲ್ಲಿ ಹೆಚ್ಚಿನವರು ನಮ್ಮಂತೆಯೇ ಹೊರಗಿನಿಂದ ಬಂದವರು. ಅಲ್ ಖೋರ್ ಕಡೆ ಬಲದ್ನಾ ಡೇರಿ ಇದೆ. 2017ರ ಜೂನ್‌ನಲ್ಲಿ ನೆರೆಯ ದೇಶಗಳು ದಿಗ್ಬಂಧನ ಹಾಕಿದಾಗ ಸೌದಿಯಿಂದ ಬರುತ್ತಿದ್ದ ಹಾಲು ನಿಂತುಹೋಯಿತು. ಜುಲೈನಲ್ಲಿ ಹಸುಗಳು ವಿಮಾನದಲ್ಲಿ ಬಂದಿಳಿದವು! ಮೊದಲ ವಿಮಾನದಲ್ಲಿ ಬಂದವು 165. ನಮ್ಮ ಜೊತೆಗಿದ್ದ ಸ್ನೇಹಿತರ ತಾಯಿ, ತೀರ್ಥಹಳ್ಳಿ ಕಡೆಯವರು, ಇದನ್ನು ಕೇಳಿ, “ನಾನು ವಿಮಾನ ಹತ್ತಿದ್ದು ಎಪ್ಪತ್ತನೇ ವಯಸ್ಸಿಗೆ. ಹಸು ನನಗಿಂತ ಪುಣ್ಯ ಮಾಡಿತ್ತು ಬಿಡಿ ಡಾಕ್ಟ್ರೇ” ಎಂದು ನಕ್ಕರು.

ದಾರಿಯಲ್ಲಿ ಒಂಟೆಯ ಹಸಿಹಾಲು ಕುಡಿಯುವ ಆಸೆ ಮಕ್ಕಳಿಗೆ. ವೈದ್ಯನಾಗಿ ನಾನು ಬೇಡವೆಂದೆ. 2012ರಲ್ಲಿ ಮೊದಲು ಪತ್ತೆಯಾದ ಮೆರ್ಸ್ ವೈರಸ್ ಒಂಟೆಗಳಿಂದ ಮನುಷ್ಯರಿಗೆ ಬರಬಲ್ಲದು. ಹಾಲನ್ನು ಕಾಯಿಸಿಯೇ ಕುಡಿಯಬೇಕು, ಒಂಟೆ ಮುಟ್ಟಿದರೆ ಕೈ ತೊಳೆಯಬೇಕು.

ಜುಬಾರಾದಲ್ಲಿ ಮೊದಲು ಕಣ್ಣಿಗೆ ಬೀಳುವುದು 1938ರಲ್ಲಿ ಶೇಖ್ ಅಬ್ದುಲ್ಲಾ ಬಿನ್ ಜಾಸಿಮ್ ಅಲ್ ಥಾನಿ ಕಟ್ಟಿಸಿದ ಕೋಟೆ. ಅನೇಕರು ಇಲ್ಲಿ ಫೋಟೋ ತೆಗೆದುಕೊಂಡು ಹಿಂದಿರುಗುತ್ತಾರೆ. ನಿಜವಾದ ಊರು ಇರುವುದು ಅದರಾಚೆ, ಕಡಲ ದಂಡೆಯಲ್ಲಿ. ಸುಮಾರು 60 ಹೆಕ್ಟೇರ್ ವಿಸ್ತಾರದ ಈ ಊರಿನ ಬಹುಭಾಗ ಇನ್ನೂ ಮರಳಿನಡಿಯೇ ಇದೆ. 2013ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕತಾರಿನಲ್ಲಿ ಆ ಗೌರವ ಪಡೆದ ಮೊದಲ ತಾಣ ಇದೇ.

ಹದಿನೆಂಟನೆಯ ಶತಮಾನದ ನಡುವೆ ಕುವೈತ್ ಕಡೆಯಿಂದ ಬಂದ ವರ್ತಕರು ಬೆಳೆಸಿದ ಊರಿದು. ಮುತ್ತಿನ ವ್ಯಾಪಾರದಿಂದ ಸಿರಿವಂತವಾಯಿತು. ಮುಳುಗುಗಾರರು ಮೂಗಿಗೆ ಚಿಮಟ ಹಾಕಿ, ಕಾಲಿಗೆ ಕಲ್ಲು ಕಟ್ಟಿಕೊಂಡು ಕಡಲಿಗಿಳಿಯುತ್ತಿದ್ದರು. ಕಿವಿಯ ತಮಟೆ ಹರಿಯುವುದು ಅವರ ಪಾಲಿಗೆ ಮಾಮೂಲು. ಸಾಲ ಅನೇಕರಿಗೆ ಜೀವನಪೂರ್ತಿ ತೀರುತ್ತಿರಲಿಲ್ಲ.

ಜುಬಾರಾ ಮೆರೆದ ಕಾಲವೇ ನಮ್ಮಲ್ಲಿ ಹೈದರಾಲಿ, ಟಿಪ್ಪು ಸುಲ್ತಾನರ ಕಾಲ. ಆಗ ಮಂಗಳೂರಿನ ಅಕ್ಕಿ ಹಡಗೇರಿ ಮಸ್ಕತ್‌ಗೆ ಹೋಗುತ್ತಿತ್ತು. ಟಿಪ್ಪು ಅಲ್ಲಿ ಮೈಸೂರಿನ ಕೋಠಿಯನ್ನೇ ಇಟ್ಟಿದ್ದ. ಈ ಕೊಲ್ಲಿಯ ಮುತ್ತು ಭಾರತಕ್ಕೆ ಬರುತ್ತಿತ್ತು. ಇಲ್ಲಿನ ಹಡಗುಗಳಿಗೆ ಮಲಬಾರಿನ ತೇಗ. ಗಲ್ಫಿಗೆ ಮೊದಲು ಬಂದವರು ನಾವೇ ಎಂದುಕೊಳ್ಳುವಂತಿಲ್ಲ!

ಉತ್ಖನನ ಮಾಡಿದ ಮನೆಗಳ ನಡುವೆ ‘ಮದ್ಬಸಾ’ ಎಂಬ ಕೋಣೆಗಳಿವೆ. ನೆಲದಲ್ಲಿ ಸಾಲು ಸಾಲು ಕಾಲುವೆ. ಮೇಲೆ ಖರ್ಜೂರದ ಚೀಲಗಳನ್ನು ಪೇರಿಸಿದರೆ ಭಾರಕ್ಕೆ ರಸ ಸೋರಿ, ಕಾಲುವೆಯಲ್ಲಿ ಹರಿದು ಮಡಕೆಗೆ ಬೀಳುತ್ತಿತ್ತು. ಅಮ್ಮ ಬಗ್ಗಿ ನೋಡಿ, “ನಮ್ಮ ಜೋನಿಬೆಲ್ಲದ ತಮ್ಮನೇ ಅನ್ನಿ” ಎಂದರು. ಅಲ್ಲಿಯವರೆಗೆ ಮೊಬೈಲ್ ಬಿಡದಿದ್ದ ಮಕ್ಕಳು ಆಮೇಲೆ ಪ್ರತಿ ಕೋಣೆಗೂ “ಇದು ಅಡುಗೆಮನೆಯಾ? ಇದು ಬಚ್ಚಲಾ?” ಎಂದು ಕೇಳತೊಡಗಿದರು.

ಇಷ್ಟು ದೊಡ್ಡ ಊರಿಗೆ ಒಳಗೆ ಕುಡಿಯುವ ನೀರಿರಲಿಲ್ಲ. ಒಂದೂವರೆ ಕಿ.ಮೀ.ಗೂ ದೂರದ ಮುರೈರ್ ಕೋಟೆಯ ಬಾವಿಗಳಿಂದ ತರಬೇಕಿತ್ತು. ಬಾವಿ ಕಾಯಲೆಂದೇ ಕೋಟೆ! 1811ರಲ್ಲಿ ಮಸ್ಕತ್ ಸುಲ್ತಾನನ ದಾಳಿಯಲ್ಲಿ ಊರು ನಾಶವಾಯಿತು. ಮತ್ತೆ ಒಂದಷ್ಟು ಜನ ಬಂದು ನೆಲೆಸಿದರೂ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಪೂರ್ತಿ ಬರಿದಾಯಿತು. ಮೇಲೆ ಮರಳು ಹಾಸಿಕೊಂಡಿತು.

ನೀರು, ಕೆಲಸ, ಹೊರಗಿನಿಂದ ಬಂದು ದುಡಿಯುವ ಜನ: ಈ ಮೂರೂ ಇರುವವರೆಗೆ ಮರುಭೂಮಿಯಲ್ಲಿ ಊರು ನಿಲ್ಲುತ್ತದೆ. ಜುಬಾರಾದಲ್ಲಿ ಮುತ್ತು ತೆಗೆದವರ, ನೀರು ಹೊತ್ತವರ ಹೆಸರು ಯಾವ ಗೋಡೆಯ ಮೇಲೂ ನನಗೆ ಕಾಣಲಿಲ್ಲ. ಯಾರೋ ಗಾರೆಯ ಮೇಲೆ ಗೀಚಿದ ಹಾಯಿ ದೋಣಿಯ ಚಿತ್ರ ಮಾತ್ರ ಉಳಿದಿದೆ. ನಮ್ಮ ಮಕ್ಕಳು ಹುಟ್ಟಿ ಬೆಳೆಯುತ್ತಿರುವ ನೆಲ ಇದು. ಹಂಪಿ, ಬೇಲೂರು ತೋರಿಸುವಷ್ಟೇ ಶ್ರದ್ಧೆಯಿಂದ ಇದನ್ನೂ ತೋರಿಸಬೇಕು.

ಹೋಗುವವರಿಗೆ ನಾಲ್ಕು ಮಾತು: ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ನೀರು, ಟೋಪಿ, ಊಟ ಜೊತೆಗಿರಲಿ. ಪೆಟ್ರೋಲ್ ಮೊದಲೇ ತುಂಬಿಸಿ. ನೆಲದಲ್ಲಿ ಬಿದ್ದ ಮಡಕೆಯ ಚೂರನ್ನು ಎತ್ತಿಕೊಳ್ಳಬೇಡಿ. ಮತ್ತೆ, ಮನೆಯಲ್ಲಿ ಹಿರಿಯರು ವಿಸಿಟ್ ವೀಸಾದಲ್ಲಿ ಬಂದಿದ್ದರೆ ತಪ್ಪದೆ ಕರೆದೊಯ್ಯಿರಿ. ನಮಗೆ ಕಾಣದ್ದು ಅವರಿಗೆ ಕಾಣುತ್ತದೆ.