ಕುಡಿದವನ ಮಾತು ಅಂತ ಬಿಡಬೇಡಿ

“ಕುಡಿದಾಗ ಹಂಗೇ ಆಡ್ತಾನೆ, ಬಿಡಿ.” ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ, ಅರೇಹಳ್ಳಿ ಕಡೆಯ ಕಾಫಿ ಸೀಮೆಯಲ್ಲಿ ಬಟವಾಡೆ ದಿನದ ಸಂಜೆ ಈ ಮಾತು ಎಷ್ಟು ಮನೆಗಳಲ್ಲಿ ಕೇಳಿಸುತ್ತದೋ! ‘ಇನ್ನು ನಾನಿರಲ್ಲ’ ಎಂದು ಗೊಣಗುತ್ತ ಜಗಲಿಯಲ್ಲೇ ಕುಸಿದವನನ್ನು ಮನೆಯವರು ಒಳಗೆ ತಂದು ಮಲಗಿಸುತ್ತಾರೆ. ಬೆಳಿಗ್ಗೆ ಅವನು ನಡುಗುವ ಕೈಯಲ್ಲಿ ಕಾಫಿ ಲೋಟ ಹಿಡಿದು ಕೂತಾಗ ರಾತ್ರಿಯ ಸುದ್ದಿ ಯಾರೂ ಎತ್ತುವುದಿಲ್ಲ.

ಎತ್ತಬೇಕು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು, ಕರ್ನಾಟಕದಲ್ಲಿ 13,606. ದೇಶದ ಲೆಕ್ಕದಲ್ಲಿ ಕುಡಿತ, ಮಾದಕ ವ್ಯಸನವೇ ಕಾರಣವೆಂದು ದಾಖಲಾದದ್ದು ನೂರಕ್ಕೆ ಸುಮಾರು 7. ಕೌಟುಂಬಿಕ ಸಮಸ್ಯೆಯ ಪಾಲು ಸುಮಾರು 32. ಆ ಮನೆಜಗಳಗಳಲ್ಲಿ ಎಷ್ಟರ ಹಿಂದೆ ಬಾಟಲಿ ಇತ್ತು ಎಂಬುದು ಈ ಅಂಕಿಯಿಂದ ಗೊತ್ತಾಗುವುದಿಲ್ಲ.

ದುಃಖ ಮರೆಯಲೆಂದು ಕುಡಿದದ್ದು ಸ್ವಲ್ಪ ಹೊತ್ತಿನಲ್ಲೇ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ತಡೆದು ಯೋಚಿಸುವ ಶಕ್ತಿಯೂ ಆಗ ಮಂಕಾಗಿರುತ್ತದೆ. ಸಾಲ, ಅವಮಾನ, ಹೆಂಡತಿ ತವರಿಗೆ ಹೋದ ನೋವು ಒಟ್ಟಿಗೆ ನುಗ್ಗುವುದು ಆ ಹೊತ್ತಿಗೇ. ಆದರೆ ಆ ಗಳಿಗೆ ಕಳೆದುಹೋಗುವಂಥದ್ದು. ಆದ್ದರಿಂದಲೇ ತೋಟದ ಔಷಧಿಗೆ ಬೀಗ ಹಾಕಿ ಕೀಲಿಯನ್ನು ಬೇರೆಯವರು ಇಟ್ಟುಕೊಳ್ಳುವುದು ಸಣ್ಣ ಕೆಲಸವಲ್ಲ. ಕಡುವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಶ್ರೀಲಂಕಾದಲ್ಲಿ ಎರಡು ದಶಕಗಳಲ್ಲಿ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು.

ಕುಡಿತ ಬಿಟ್ಟ ಮೇಲೆ ಎಲ್ಲ ಸರಿಹೋಯಿತು ಎಂದುಕೊಳ್ಳುವುದೂ ತಪ್ಪು. ವರ್ಷಗಟ್ಟಲೆ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಎರಡು-ಮೂರು ದಿನದೊಳಗೆ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯ. ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಬೇಕು. ಅಮಲಿಳಿದ ಮೇಲೆ ಹಾಳಾದ ಸಂಸಾರ ಕಣ್ಣಿಗೆ ಬೀಳುತ್ತದೆ. ಖಿನ್ನತೆ ಕವಿಯುವುದು ಆಗಲೇ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆಯುತ್ತವೆ. ಶಿಬಿರದಷ್ಟೇ ಮುಖ್ಯವಾದದ್ದು, ಅದು ಮುಗಿದ ಮೇಲೂ ಬಿಟ್ಟವರನ್ನು ಒಟ್ಟಿಗಿಡುವ ನವಜೀವನ ಸಮಿತಿ. ಒಮ್ಮೆ ಜಾರಿ ಮತ್ತೆ ಕುಡಿದವನಿಗೆ ಬೈಗುಳಕ್ಕಿಂತ ಆ ಜೊತೆ ಬೇಕು.

ನಶೆ ಇಳಿದಾಗ, ಬೇರೆ ಯಾರೂ ಇಲ್ಲದ ಕಡೆ ಅವರ ಜೊತೆ ಕೂತು ನೇರವಾಗಿ ಕೇಳಿ: “ಸಾಯಬೇಕು ಅನ್ನಿಸ್ತಿದೆಯಾ?” ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಬಹಳ ಮಂದಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡುವವರು ಇನ್ನೂ ಇದ್ದಾರೆ. ಪ್ರಯತ್ನಿಸಿ ಬದುಕಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ.

ಗೆಂಡೆಹಳ್ಳಿಯವರಿಗೆ ತಾಲ್ಲೂಕು ಆಸ್ಪತ್ರೆ ಬೇಲೂರಿನಲ್ಲಿದೆ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋರೋಗ ವಿಭಾಗವಿದೆ. ಅಷ್ಟು ದೂರ ಹೋಗುವ ಮೊದಲೇ ಫೋನ್ ಮಾಡಬಹುದು: 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416. ಹಗಲು ರಾತ್ರಿ, ಕನ್ನಡದಲ್ಲಿ, ಪುಕ್ಕಟೆ. ಕುಡಿಯುವವರೂ ಮಾಡಬಹುದು, ಮನೆಯವರೂ ಮಾಡಬಹುದು. ಈ ನಂಬರನ್ನು ಇವತ್ತೇ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆದಿಡಿ.