2,14,74,83,647 ಆದಮೇಲೆ ಏನಾಗುತ್ತೆ?

ಈ ಸಂಚಿಕೆ ಪೂರ್ತಿ ಒಂದೇ ಒಂದು ಸಂಖ್ಯೆಯ ಬಗ್ಗೆ. 214 ಕೋಟಿ 74 ಲಕ್ಷ 83 ಸಾವಿರದ 647. 2014ರಲ್ಲಿ 'ಗಂಗ್ನಮ್ ಸ್ಟೈಲ್' ವಿಡಿಯೊದ ವ್ಯೂಸ್ ಇದನ್ನ ದಾಟ್ತು. ಯೂಟ್ಯೂಬ್ ತನ್ನ ಎಣಿಕೆಯ ಮಿತಿಯನ್ನೇ ಹಿಗ್ಗಿಸಬೇಕಾಯ್ತು.

ಯಾಕೆ ಇದೇ ಸಂಖ್ಯೆ? ಕಂಪ್ಯೂಟರ್ ಎಲ್ಲವನ್ನೂ 0 ಮತ್ತು 1ರಲ್ಲೇ ಬರೆಯುತ್ತೆ. ಒಂದು ಸಂಖ್ಯೆ ಇಡೋಕೆ 32 ಮನೆ ಇದೆ ಅಂದ್ಕೊಳ್ಳಿ. ಪ್ಲಸ್ಸೋ ಮೈನಸ್ಸೋ ಅಂತ ಹೇಳೋಕೆ ಒಂದು ಮನೆ ಹೋಯ್ತು. ಉಳಿದ 31ರಲ್ಲೂ 1 ತುಂಬಿದ್ರೆ ಬರೋದೇ ಇದು: 2ರ ಘಾತ 31, ಅದರಲ್ಲಿ 1 ಕಮ್ಮಿ. ಇನ್ನೊಂದು ಕೂಡಿಸಿದ್ರೆ ಜಾಗ ಇಲ್ಲ. ಎಷ್ಟೋ ವ್ಯವಸ್ಥೆಗಳಲ್ಲಿ ಲೆಕ್ಕ ಸೀದಾ ಮೈನಸ್ 214 ಕೋಟಿಗೆ ಹೋಗಿ ಬೀಳುತ್ತೆ.

ಗಣಿತದಲ್ಲಿ ಇದರ ಕಥೆ ಇನ್ನೂ ಹಳೇದು. 1772ರಲ್ಲಿ ಲಿಯೊನಾರ್ಡ್ ಆಯ್ಲರ್ ಇದು ಅವಿಭಾಜ್ಯ ಸಂಖ್ಯೆ ಅಂತ ಸಾಧಿಸಿದರು. ಅಂದ್ರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಇದು ಭಾಗವಾಗಲ್ಲ. ಭಾಗಿಸಿ ನೋಡಬೇಕಾದ್ದು 46,340ರವರೆಗೆ. ಆದ್ರೆ ಇದರ ಅವಿಭಾಜ್ಯ ಭಾಜಕ ಏನಾದ್ರೂ ಇದ್ದರೆ, ಅದನ್ನ 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ಅಲ್ಲಿಗೆ ಪರೀಕ್ಷಿಸಬೇಕಾದ ಸಂಖ್ಯೆಗಳು ಸುಮಾರು 370ಕ್ಕೆ ಇಳಿದವು. ಕ್ಯಾಲ್ಕುಲೇಟರ್ ಇಲ್ಲದ ಕಾಲ ಅದು!

2ರ ಯಾವುದೋ ಘಾತದಲ್ಲಿ 1 ಕಳೆದಾಗ ಸಿಗೋ ಇಂಥ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಅಂತಾರೆ. ಈ ಸಾಲಿನಲ್ಲಿ ಇದು 8ನೆಯದು. ಇಂಥ ಪ್ರತಿಯೊಂದರ ಜೊತೆ ಒಂದು ಪರಿಪೂರ್ಣ ಸಂಖ್ಯೆಯೂ ಬರುತ್ತೆ. ಉದಾಹರಣೆಗೆ 7ರಿಂದ 28 ಸಿಗುತ್ತೆ. 28ರ ಭಾಜಕಗಳಾದ 1, 2, 4, 7, 14 ಕೂಡಿಸಿ ನೋಡಿ, 28 ಬರುತ್ತೆ.

ಈಗ ದುಡ್ಡಿಗೆ ಬರೋಣ, ನಾನು ಕಾಮರ್ಸ್ ಓದಿದವನು ನೋಡಿ. ಆ್ಯಪ್ ಒಂದು ಹಣವನ್ನ ಪೈಸೆ ಲೆಕ್ಕದಲ್ಲಿ ಈ 32 ಮನೆಯೊಳಗೆ ಇಟ್ರೆ, ಅದರ ಮಿತಿ ₹2,14,74,836.47. ಬೆಂಗಳೂರಲ್ಲಿ ಒಂದು ದೊಡ್ಡ ಫ್ಲ್ಯಾಟ್‌ನ ವ್ಯವಹಾರಕ್ಕೇ ಅದು ಸಾಲದೇ ಹೋಗಬಹುದು.

ಇದಕ್ಕಿಂತ ದೊಡ್ಡ ತಲೆನೋವು ಸಮಯದ್ದು. ಎಷ್ಟೋ ಕಂಪ್ಯೂಟರ್‌ಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯ್ತು ಅಂತ ಎಣಿಸ್ತವೆ. ಆ ಎಣಿಕೆ ನಮ್ಮ ಸಂಖ್ಯೆ ಮುಟ್ಟೋದು 2038ರ ಜನವರಿ 19, ಭಾರತೀಯ ಕಾಲಮಾನ ಬೆಳಗ್ಗೆ 8:44:07ಕ್ಕೆ. ಮುಂದಿನ ಸೆಕೆಂಡಿಗೆ 32 ಬಿಟ್‌ನ ಗಡಿಯಾರ 1901ರ ಡಿಸೆಂಬರ್‌ಗೆ ಹಾರಬಹುದು.

'2038 ತಾನೇ, ಆಮೇಲೆ ನೋಡ್ಕೊಳ್ಳೋಣ' ಅನ್ನಬೇಡಿ. 2025ರಲ್ಲಿ ತಗೊಂಡ 20 ವರ್ಷದ ಹೋಮ್ ಲೋನ್ ಮುಗಿಯೋದು 2045ಕ್ಕೆ. ಅದರ ಕೊನೇ ಕಂತಿನ ದಿನಾಂಕವನ್ನ ಬ್ಯಾಂಕಿನ ಸಾಫ್ಟ್‌ವೇರ್ ಲೆಕ್ಕ ಹಾಕಬೇಕಾಗಿರೋದು ಸಾಲ ಕೊಡುವಾಗಲೇ.

ಪರಿಹಾರ ಇದೆ: 64 ಬಿಟ್. ಹೊಸ ಫೋನ್‌ಗಳು ಬಹುತೇಕ ಅದಕ್ಕೆ ಬದಲಾಗಿವೆ. ಚಿಂತೆ ಇರೋದು ಹಳೇ ಯಂತ್ರಗಳು, ಹಳೇ ಡೇಟಾಬೇಸ್‌ಗಳದ್ದು. ಕೇಳುಗರಲ್ಲಿ ಕೋಡ್ ಬರೆಯೋರು ಇದ್ರೆ, ನಿಮ್ಮ ಪ್ರಾಜೆಕ್ಟ್‌ನಲ್ಲಿ ದಿನಾಂಕ ಮತ್ತು ಹಣವನ್ನ ಎಷ್ಟು ಬಿಟ್‌ನಲ್ಲಿ ಇಟ್ಟಿದ್ದೀರಿ ಅಂತ ಇವತ್ತೇ ಒಮ್ಮೆ ನೋಡಿಬಿಡಿ.