ಜಾಹೀರಾತಿಗೆ ಜಾಗ ಕೊಡದ ಸಂಪಾದಕ

ಬೀರೂರು ಜಂಕ್ಷನ್ನಿನಲ್ಲಿ ರೈಲು ದಾರಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯತ್ತ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗದತ್ತ. ತರೀಕೆರೆಯ ಅಡಿಕೆ ತೋಟಗಳನ್ನು ದಾಟುವ ಈ ಎರಡನೇ ದಾರಿಯ ತುದಿಯ ಸೀಮೆಯವರು ಪಿ. ಲಂಕೇಶ್. 1935ರ ಮಾರ್ಚ್ 8ರಂದು ಶಿವಮೊಗ್ಗ ಬಳಿಯ ಕೊನಗವಳ್ಳಿಯಲ್ಲಿ ಹುಟ್ಟಿದ ಅವರು ಕನ್ನಡ ಪತ್ರಿಕೋದ್ಯಮದ ದಿಕ್ಕನ್ನೇ ಬದಲಿಸಿದರು.

ಪತ್ರಿಕೆ ಶುರು ಮಾಡುವ ಹೊತ್ತಿಗೆ ಅವರಿಗೆ ವಯಸ್ಸು ನಲವತ್ತೈದು. ಬೆಂಗಳೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಫ್ರೆಂಚ್ ಕವಿ ಬೋದಿಲೇರನ ಕವಿತೆಗಳನ್ನು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದವರು, ‘ಸಂಕ್ರಾಂತಿ’ ನಾಟಕ ಬರೆದವರು, ‘ಪಲ್ಲವಿ’ ಚಿತ್ರದ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಎಂಬ ಕಪ್ಪು ಬಿಳುಪಿನ ವಾರಪತ್ರಿಕೆ ಹೊರಬಂತು. ಜಾಹೀರಾತು ತೆಗೆದುಕೊಳ್ಳುವುದಿಲ್ಲ ಎಂಬುದು ಅದರ ನಿಯಮ. ಕಾಗದ, ಅಚ್ಚು, ಸಂಬಳ ಎಲ್ಲಕ್ಕೂ ಓದುಗರು ಕೊಟ್ಟ ಕಾಸೇ ಆಧಾರ.

ಓದುಗರು ಕೊಟ್ಟ ಆ ಬಲ ಪುಟಪುಟದಲ್ಲೂ ಕಾಣುತ್ತಿತ್ತು. ಆಗಿನ ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರವನ್ನು ಪತ್ರಿಕೆ ವಾರವಾರವೂ ತರಾಟೆಗೆ ತೆಗೆದುಕೊಂಡಿತು. 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದ ಮೇಲೆ ಅದನ್ನೂ ಬಿಡಲಿಲ್ಲ. ಅದೇ ಸಂಚಿಕೆಗಳಲ್ಲಿ ‘ಟೀಕೆ ಟಿಪ್ಪಣಿ’ಯ ಗಂಭೀರ ಬರಹವೂ ಇರುತ್ತಿತ್ತು, ‘ನೀಲು’ ಹೆಸರಿನ ಕೆಲವೇ ಸಾಲಿನ ಪದ್ಯವೂ ಇರುತ್ತಿತ್ತು. ರಾಜಕೀಯಕ್ಕೆಂದು ಪತ್ರಿಕೆ ಕೊಂಡವರು ಸಾಹಿತ್ಯವನ್ನೂ ಓದಿದರು.

ಲಂಕೇಶರ ಅತಿ ದೊಡ್ಡ ಸಾಧನೆ, ಅವರು ಬೆಳೆಸಿದ ಬರಹಗಾರರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಧಾರಾವಾಹಿಯಾಗಿ ಬಂದದ್ದು ಈ ಪತ್ರಿಕೆಯಲ್ಲೇ. ತಂದೆಯ ಹಟಕ್ಕೆ ಗಂಡನಿಂದ ದೂರವಾಗುವ ನಾದಿರಾಳ ಕಥೆಯನ್ನು, ಮುಸ್ಲಿಂ ಮನೆಯ ಒಳಗಿನ ಹೆಣ್ಣಿನ ಸಂಕಟವನ್ನು, ಕನ್ನಡದ ಸಾಮಾನ್ಯ ಓದುಗರು ವಾರವಾರವೂ ಕಾದು ಓದಿದರು. ಹಾಸನದ ಬಾನು ಮುಷ್ತಾಕ್ ಇದೇ ಪತ್ರಿಕೆಗೆ ವರದಿಗಾರ್ತಿಯಾಗಿ ದುಡಿದವರು. 2025ರಲ್ಲಿ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಬರೆಯುವ ಹಕ್ಕು ರಾಜಧಾನಿಯವರದಷ್ಟೇ ಅಲ್ಲ, ಪದವಿ ಬಿರುದು ಇದ್ದವರದಷ್ಟೇ ಅಲ್ಲ ಎಂಬುದನ್ನು ಆ ಸಂಪಾದಕ ಮಾಡಿ ತೋರಿಸಿದರು.

ಲಂಕೇಶ್ ತೀರಿಕೊಂಡದ್ದು 2000ದ ಜನವರಿ 25ರಂದು. ಕೊನೆಯವರೆಗೂ ಅವರು ಸಂಪಾದಕರಾಗಿಯೇ ಇದ್ದರು. ಅವರ ಪತ್ರಿಕೆ ಕಲಿಸುವ ಪಾಠ ಇಷ್ಟೇ: ಪತ್ರಿಕೆಯ ಖರ್ಚನ್ನು ಯಾರು ಹೊರುತ್ತಾರೋ ಅವರ ಮಾತು ಅದರಲ್ಲಿ ನಡೆಯುತ್ತದೆ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕೆರೆ, ರಸ್ತೆ, ಶಾಲೆಗಳ ಸುದ್ದಿ ನೆಟ್ಟಗೆ ಬರಬೇಕೆಂದರೆ, ಅದನ್ನು ಬರೆಯುವ ಪತ್ರಿಕೆಯನ್ನು ನಾವು ಕಾಸು ಕೊಟ್ಟು ಕೊಂಡು ಓದಬೇಕು.